ಹಳೇ ಸ್ಕೀಮಿನ ಕಾಗದ

ನಮ್ಮ ಇಂಗ್ಲಿಷ್ ಮಾಸ್ಟ್ರಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದೆ ಹೋದಂತೆ ಅವರ ಮೇಲೆ ಕನಿಕರ ಬಂದು ನನ್ನ ಬಾಯಿ ಕಟ್ಟಿಹೋಗಬಾರದು. ಅವರಿಗೆ ಬರುತ್ತಿದ್ದುದು ಒಂದು ಪುಸ್ತಕ. ಎಸ್ಸೆಸ್ಸೆಲ್ಸಿಯ ಆ ಪುಸ್ತಕವನ್ನು ಎಷ್ಟೋ ವರ್ಷದಿಂದ ಪಾಠ ಮಾಡಿ ಮಾಡಿ, ಯಾವ ಪುಟದ ಯಾವ ಸಾಲಿಗೆ ಯಾವ ಪ್ರಶ್ನೆ ಬೀಳುತ್ತದೆ ಎಂಬುದು ಅವರಿಗೆ ನಿದ್ದೆಯಲ್ಲೂ ಗೊತ್ತಿತ್ತು. ಬೆಳಗ್ಗೆ ಉಡುಪಿಯಿಂದ ಬಸ್ಸಿನಲ್ಲಿ ಕಾಪುವಿಗೆ ಬರುವರು, ಒಂದು ಸಾಲು ಇಂಗ್ಲಿಷಿನಲ್ಲಿ ಓದುವರು, ಅದರ ಅರ್ಥ ಕನ್ನಡದಲ್ಲಿ ಹೇಳುವರು, ಉತ್ತರವನ್ನು ಬೋರ್ಡಿನ ಮೇಲೆ ಬರೆಯುವರು. ಮಕ್ಕಳು ಅದನ್ನು ಬಾಯಿಪಾಠ ಮಾಡಬೇಕು, ತಪ್ಪಿದರೆ ಬೆತ್ತ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ ಆಡುವ ಮೀನುಗಾರರ ಮಕ್ಕಳಿಗೆ ಇಂಗ್ಲಿಷ್ ಎಂದರೆ ಇಷ್ಟೇ. ಇಷ್ಟರಲ್ಲೇ ಪಾಸಾಗಿ ಮುಂಬಯಿಗೆ ಹೋಗಿ ಟೈಪು ಕುಟ್ಟುತ್ತಿದ್ದವರೂ ಇದ್ದರು.

ಬಾಯಿಪಾಠಕ್ಕೂ ಒಂದು ಉಪಾಯ ಬೇಕಿತ್ತು. ಉತ್ತರಗಳು ಬಾಯಲ್ಲಿ ಇದ್ದರೆ ಸಾಲದು, ಯಾವ ಪ್ರಶ್ನೆಗೆ ಯಾವ ಉತ್ತರ ಎಂದು ಗುರುತಿಸುವುದು ಹೇಗೆ? ಪ್ರಶ್ನೆಯನ್ನು ಪೂರ್ತಿ ಓದಿದರೆ ತಲೆ ಕೆಡುತ್ತದೆ ಎಂಬುದು ಮಾಸ್ಟ್ರ ಸಿದ್ಧಾಂತ. ಶುರುವಿನ ಒಂದೆರಡು ಶಬ್ದ ನೋಡಿದರೆ ಸಾಕು. ಕಾಗದ ಬರೆಯುವ ಪ್ರಶ್ನೆಗೆ ಅವರ ಹತ್ತಿರ ಇದ್ದದ್ದು ಎರಡೇ ಕಾಗದ. ಒಂದು, ಕಾರ್ಕಳಕ್ಕೆ ಪಿಕ್ನಿಕ್ಕಿಗೆ ಬಾ ಎಂದು ಸ್ನೇಹಿತೆಯನ್ನು ಕರೆಯುವುದು. ಇನ್ನೊಂದು, ಸ್ನೇಹಿತೆಯ ತಂದೆ ತೀರಿಹೋದಾಗ ಸಮಾಧಾನ ಹೇಳುವುದು.

"ಪ್ರಶ್ನೆ 'ರೈಟ್ ಎ ಲೆಟರ್' ಅಂತ ಶುರುವಾದರೆ ಪಿಕ್ನಿಕ್ಕು. 'ಯುವರ್ ಫ್ರೆಂಡ್' ಅಂತ ಶುರುವಾದರೆ ಸಾವು. ಬೇರೆ ಎಂತದೂ ನೋಡ್ಲಿಕ್ಕೆ ಹೋಗಬೇಡಿ," ಎನ್ನುತ್ತಿದ್ದರು.

ವರ್ಷಗಟ್ಟಲೆ ಪರೀಕ್ಷೆಯವರೂ ಮಾಸ್ಟ್ರ ಮಾತು ಮೀರಿರಲಿಲ್ಲ. ಪ್ರಶ್ನೆಗಳು ಹಾಗೇ ಶುರುವಾಗುತ್ತಿದ್ದವು.

ಇದನ್ನೆಲ್ಲ ನಾನು ತಿಳಿದದ್ದು ಅಕ್ಕನಿಂದ. ಅವಳು ಹತ್ತನೆಯಲ್ಲಿದ್ದಳು, ನಾನು ಏಳನೆಯಲ್ಲಿ. ಆ ವರ್ಷ ಮಳೆಗಾಲ ಕಳೆದು ಮೊದಲ ಸಲ ಕಡಲಿಗಿಳಿದ ದೋಣಿ ಮಗುಚಿ ನಮ್ಮ ಅಪ್ಪ ಸತ್ತರು. ಅಮ್ಮ ಮೀನಿನ ಬುಟ್ಟಿ ಹೊತ್ತು ಶಿರ್ವದ ಕಡೆಗೆ ಮಾರಲು ಹೊರಟಳು. ಅಕ್ಕ ಬೀಡಿ ಕಟ್ಟಲು ಕೂತಳು. ಶಾಲೆಯಿಂದ ಬಂದವಳೇ ಬೀಡಿ ಎಲೆ, ಹೊಗೆಸೊಪ್ಪು ಇದ್ದ ಮೊರದಂಥ ತಡ್ಪೆಯನ್ನು ತೊಡೆಯ ಮೇಲಿಟ್ಟುಕೊಂಡರೆ ಅವಳ ಕೈ ಒಂದು ಕೆಲಸ ಮಾಡುತ್ತಿತ್ತು, ಬಾಯಿ ಇನ್ನೊಂದು. ಎಲೆ ಕತ್ತರಿಸುವಾಗ ಪದ್ಯ, ಸುತ್ತುವಾಗ ಪ್ರಶ್ನೋತ್ತರ, ನೂಲು ಕಟ್ಟುವಾಗ ಕಾಗದ. ನೆರೆಮನೆಯ ಹೆಂಗಸರು ಹುಡುಗಿ ಅಪ್ಪನ ಹೆಸರಿನಲ್ಲಿ ಏನೋ ಮಂತ್ರ ಹೇಳುತ್ತಿದ್ದಾಳೆ ಎಂದುಕೊಂಡಿದ್ದರಂತೆ.

ಅವಳಿಗೆ ಓದಬೇಕೆಂಬ ಹಠಕ್ಕೆ ಕಾರಣ ನಮ್ಮ ಮಾವ. ನಮ್ಮಲ್ಲಿ ಅಪ್ಪ ಇರುವಾಗಲೂ ಸೋದರಮಾವನ ಮಾತೇ ಕಡೆ ಮಾತು, ಅಪ್ಪ ಹೋದ ಮೇಲೆ ಕೇಳುವುದೇ ಬೇಡ. ಮುಂಬಯಿಯಲ್ಲಿ ಕ್ಯಾಂಟೀನು ನೋಡಿಕೊಳ್ಳುತ್ತಿದ್ದ ಅವರು ಅಪ್ಪನ ಕ್ರಿಯೆಗೆ ಬಂದಾಗ ಜಗಲಿಯಲ್ಲಿ ಕೂತು ಅಕ್ಕನ ಹಣೆಬರಹ ಓದಿದರು.

"ಪಾಸಾದರೆ ನರ್ಸಿಂಗಿಗೆ ಹಾಕುವ, ಮಣಿಪಾಲದಲ್ಲಿ ನನ್ನ ಗುರ್ತದವರು ಉಂಟು. ಫೇಲಾದರೆ ಮತ್ತೆ ಎಂತ ಉಂಟು, ಮದುವೆ."

"ನಾನು ಪಾಸಾಗ್ತೇನೆ ಮಾವ," ಎಂದಳು ಅಕ್ಕ.

ಅದೇ ದಿನಗಳಲ್ಲಿ ಅವಳು ಒಂದು ವಿಚಿತ್ರ ಕೆಲಸ ಮಾಡಿದಳು. ಮಾಸ್ಟ್ರ ಪಿಕ್ನಿಕ್ಕಿನ ಕಾಗದಕ್ಕೆ ಒಂದು ಸಾಲು ಸೇರಿಸಿದಳು. ಕಾಗದದಲ್ಲಿ, ನೀನು ಬರುವ ಸುದ್ದಿ ಕೇಳಿ ನನಗೆ ಬಹಳ ಸಂತೋಷವಾಗಿದೆ, ನಾವು ಗುಡ್ಡ ಹತ್ತಿ ಗೊಮ್ಮಟನನ್ನು ನೋಡೋಣ, ಕೊಡೆ ಮತ್ತು ಬುತ್ತಿ ತಾ ಎಂದೆಲ್ಲ ಇತ್ತು. ಅದರ ಕೊನೆಗೆ ಇವಳು ಸ್ವಂತ ಬುದ್ಧಿಯಿಂದ 'ಬ್ರಿಂಗ್ ಯುವರ್ ಫಾದರ್ ಆಲ್ಸೋ' ಎಂದು ಹಾಕಿದಳು. ನಿನ್ನ ತಂದೆಯನ್ನೂ ಕರೆದುಕೊಂಡು ಬಾ. ಜೀವಮಾನದಲ್ಲಿ ಅವಳು ತಾನಾಗಿ ಕಟ್ಟಿದ ಇಂಗ್ಲಿಷ್ ವಾಕ್ಯ ಅದೊಂದೇ. ಅದನ್ನು ಮಾಸ್ಟ್ರಿಗೆ ತೋರಿಸಿದಾಗ ಅವರು ಬಹಳ ಹೊತ್ತು ನೋಡಿದರಂತೆ.

"ತಪ್ಪೇನೂ ಇಲ್ಲ. ಆದರೆ ಇದು ಯಾಕೆ?"

"ನನಗೆ ಕರಕೊಂಡು ಹೋಗ್ಲಿಕ್ಕೆ ಇಲ್ಲ ಅಲ್ವಾ ಸರ್. ಅವಳಾದರೂ ಕರಕೊಂಡು ಬರಲಿ."

ಮಾಸ್ಟ್ರು ಪುಸ್ತಕ ವಾಪಸು ಕೊಟ್ಟರಂತೆ. ಅಕ್ಕ ಅದನ್ನು ಒಂದು ಪದಕದ ಹಾಗೆ ನನಗೆ ಹೇಳಿಕೊಂಡಿದ್ದಳು. ತಪ್ಪಿಲ್ಲ ಎಂದು ಮಾಸ್ಟ್ರ ಬಾಯಲ್ಲಿ ಬರುವುದು ಸಣ್ಣ ಮಾತಲ್ಲ.

ಆದರೂ ಆ ಸಲ ಅವಳು ಇಂಗ್ಲಿಷಿನಲ್ಲಿ ಹೋದಳು. ತಿಂಗಳುಗಟ್ಟಲೆ ಅರ್ಧ ದಿನ ಶಾಲೆ ತಪ್ಪಿಸಿ ಬೀಡಿ ಕಟ್ಟಿದವಳು, ಬಾಯಿಪಾಠ ಅರ್ಧಕ್ಕೇ ನಿಂತಿತ್ತು. ಉಳಿದೆಲ್ಲ ವಿಷಯ ಪಾಸು. ಮಾವ ಮುಂಬಯಿಯಿಂದ ಹೇಳಿಕಳಿಸಿದರು, ಅಕ್ಟೋಬರಿನಲ್ಲಿ ಇನ್ನೊಂದು ಸಲ ಬರೆಯಲಿ, ಅದೇ ಕೊನೆ.

ಅಷ್ಟು ಹೊತ್ತಿಗೆ ದೆಹಲಿಯಲ್ಲಿ ಕೆಲವರಿಗೆ ಜ್ಞಾನೋದಯವಾಗಿತ್ತು. ದೇಶಕ್ಕೆಲ್ಲ ಒಂದೇ ಅಳತೆಯ ಶಾಲೆ ಬೇಕು, ಹೊಸ ಪಾಠಕ್ರಮ ಬೇಕು, ಮಕ್ಕಳು ಬಾಯಿಪಾಠ ಮಾಡಬಾರದು, ಅರ್ಥ ಮಾಡಿಕೊಳ್ಳಬೇಕು. ಕೇಳಲು ಎಷ್ಟು ಚೆಂದ! ಆ ಜ್ಞಾನ ಬೆಂಗಳೂರಿಗೆ ಬಂದು, ಅಲ್ಲಿಂದ ಜಿಲ್ಲೆಗೆ ಇಳಿದು, ಕಾಪುವಿಗೆ ಮುಟ್ಟುವಾಗ ಎರಡು ಸಾಮಾನಾಗಿ ಉಳಿದಿತ್ತು. ಒಂದು ಹೊಸ ಪುಸ್ತಕ, ಒಂದು ಕಟ್ಟು ಚಿತ್ರದ ಕಾರ್ಡು. ಅದರ ಜೊತೆ ಎರಡು ಆಜ್ಞೆ. ಇಂಗ್ಲಿಷ್ ಪಿರಿಯಡ್ಡಿನಲ್ಲಿ ಕನ್ನಡ ಆಡಬಾರದು ಎಂಬುದು ಮಾಸ್ಟ್ರುಗಳಿಗೆ. ಹಳೇ ಪುಸ್ತಕದಲ್ಲಿ ಫೇಲಾದವರಿಗೆ ಬರುವ ಅಕ್ಟೋಬರೇ ಕಡೆಯ ಅವಕಾಶ, ಆಮೇಲೆ ಹಳೇ ಸ್ಕೀಮ್ ಬಂದ್ ಎಂಬುದು ಅಕ್ಕನಂಥವರಿಗೆ.

ಮಾಸ್ಟ್ರನ್ನು ತರಬೇತಿಗೆ ಕಳಿಸಿದರು. ಹೋಗುವಾಗ ಮಾತಾಡುತ್ತಿದ್ದ ಮನುಷ್ಯ, ಬರುವಾಗ ಮೂಗ. ನಾನು ಎಂಟನೆಯಲ್ಲಿ ಅವರ ಕೈಗೆ ಸಿಕ್ಕಿದೆ. ಪೆನ್ನು ಎತ್ತಿ ಹಿಡಿದು 'ದಿಸ್ ಈಸ್ ಎ ಪೆನ್' ಎನ್ನುವರು. ನಾವೂ ಎನ್ನುವೆವು. ಕಾಪುವಿನಲ್ಲಿ ಪೆನ್ನಿಗೆ ಬೇರೆ ಹೆಸರೇ ಇರಲಿಲ್ಲವಾದ್ದರಿಂದ ಅಲ್ಲಿಗೆ ಕಷ್ಟವಾಗಲಿಲ್ಲ. ಮುಂದೆ 'ಹೋಪ್' ಎಂಬ ಶಬ್ದ ಬಂತು. ಅದಕ್ಕೆ ಕಾರ್ಡಿರಲಿಲ್ಲ. ಆಸೆ, ಭರವಸೆ ಎಂದು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಹೊರಗೆ ಹೆಡ್ಮಾಸ್ಟ್ರು ಕಿವಿಗೊಟ್ಟು ನಿಂತಿದ್ದರು. ಮಾಸ್ಟ್ರು ಆಕಾಶ ನೋಡಿದರು, ಎದೆ ಮುಟ್ಟಿಕೊಂಡರು, ಕೈ ಜೋಡಿಸಿದರು. ಹಿಂದಿನ ಬೆಂಚಿನವನೊಬ್ಬ, ಸರ್‌ಗೆ ಎದೆನೋವು ಎಂದ. ಎಲ್ಲರೂ ನಕ್ಕೆವು. ಆ ದಿನ ಮಾಸ್ಟ್ರ ಬೆತ್ತ ಯಾವ ಭಾಷೆಯನ್ನೂ ಬಳಸದೆ ಎಲ್ಲರಿಗೂ ಅರ್ಥವಾಗುವಂತೆ ಪಾಠ ಮಾಡಿತು.

ಅಕ್ಕ ಅಕ್ಟೋಬರಿಗೆ ಮೊದಲು ಅವರನ್ನು ಬಸ್‌ಸ್ಟ್ಯಾಂಡಿನಲ್ಲಿ ಹಿಡಿದು ಕೇಳಿದಳು, ಹಳೇ ಸ್ಕೀಮಿನವರಿಗೆ ಏನಾದರೂ ಬದಲುಂಟಾ ಎಂದು.

"ಎಂತ ಬದಲು? ಅದೇ ಪುಸ್ತಕ, ಅದೇ ಪ್ರಶ್ನೆ, ಅದೇ ಉತ್ತರ. ನೀನು ಹೆದರಬೇಡ ಮಗಾ."

ಅವರು ಸುಳ್ಳು ಹೇಳಲಿಲ್ಲ. ಅವರಿಗೆ ಗೊತ್ತಿದ್ದದ್ದೇ ಅಷ್ಟು.

ಆ ತಿಂಗಳುಗಳಲ್ಲಿ ಅಕ್ಕ ಪುಸ್ತಕವನ್ನು ಒಂದು ಸಾಲೂ ಬಿಡದೆ ನುಂಗಿದಳು. ಎರಡೂ ಕಾಗದಗಳನ್ನು ಹಿಂದಿನಿಂದ ಮುಂದಕ್ಕೆ ಹೇಳು ಎಂದರೂ ಹೇಳುತ್ತಿದ್ದಳು. ಪರೀಕ್ಷೆ ಉಡುಪಿಯಲ್ಲಿ. ಸಂಜೆ ಬಸ್ಸಿಳಿದವಳ ಮುಖ ನೋಡಿಯೇ ನನಗೆ ಸಮಾಧಾನವಾಯಿತು. ಒಂದು ಪೊಟ್ಟಣ ಕಡ್ಲೆ ನನ್ನ ಕೈಗಿಟ್ಟಳು.

"ಲೆಟರ್ ಬಂತು ಮಾರಾಯ್ತಿ. ಪಿಕ್ನಿಕ್ಕಿದು. ಪೂರ್ತಿ ಬರೆದೆ, ನನ್ನ ಲೈನೂ ಬರೆದೆ. ಒಂದು ತಪ್ಪಿಲ್ಲ."

ಪ್ರಶ್ನೆಪತ್ರಿಕೆಯನ್ನು ಅವಳು ನನಗೂ ತೋರಿಸಿದಳು. ಹೌದು, ಆ ಪ್ರಶ್ನೆ 'ರೈಟ್ ಎ ಲೆಟರ್' ಎಂದೇ ಶುರುವಾಗಿತ್ತು. ಮುಂದೆ ಇದ್ದದ್ದನ್ನು ಓದಿ ತಿಳಿಯುವ ಇಂಗ್ಲಿಷ್ ಆ ಮನೆಯಲ್ಲಿ ಯಾರಿಗೂ ಇರಲಿಲ್ಲ.

ಫೇಲು. ಸ್ವಲ್ಪದರಲ್ಲಿ ಹೋಗಿತ್ತು. ಆ ಒಂದು ಕಾಗದಕ್ಕೆ ಸಿಗಬೇಕಾದ ಅಂಕ ಸಿಕ್ಕಿದ್ದರೆ ದಾಟುತ್ತಿದ್ದಳು. ಪೇಪರು ನೋಡಿದವರಿಗೆ ಕಣ್ಣಿರಲಿಲ್ಲ ಎಂದು ಅಮ್ಮ ಶಪಿಸಿದಳು. ಹೊಸ ಸ್ಕೀಮಿನಲ್ಲಿ ಬರೆಯುತ್ತೇನೆಂದು ಅಕ್ಕ ನನ್ನ ಪುಸ್ತಕ ತೆಗೆದು ನೋಡಿದಳು. ಅದರಲ್ಲಿ ಬಾಯಿಪಾಠ ಮಾಡಲು ಏನೂ ಇರಲಿಲ್ಲ, ಬರೀ ಬಿಟ್ಟ ಸ್ಥಳಗಳು. ಅಷ್ಟರಲ್ಲಿ ಮಾವ ಬಂದರು. ಕಾರ್ಕಳದ ಪೇಟೆಯಲ್ಲಿ ಒಣಮೀನಿನ ಅಂಗಡಿ ಇಟ್ಟವನೊಬ್ಬನನ್ನು ಮಾತಾಡಿಯೇ ಬಂದಿದ್ದರು.

"ಇನ್ನೊಂದು ಸಲ ಮಾವ," ಎಂದು ಅಕ್ಕ ಅವರ ಕಾಲ ಬಳಿ ಕೂತಳು.

"ಇನ್ನೊಂದು ಸಲ ಅಂತ ಸರಕಾರವೇ ಇಲ್ಲ ಅಂದಿದೆ. ನಾನು ಎಲ್ಲಿಂದ ತರಲಿ?"

ಭಾವ ಕೆಟ್ಟವನೆಂದು ನಾನು ಹೇಳಲಾರೆ, ಅವನ ಕೈ ಮಾತ್ರ ಬೇಗ ಮೇಲೇಳುತ್ತಿತ್ತು. ಅಂಗಡಿ ಮುಗಿಸಿ ಬಂದರೆ ಒಣಮೀನಿನ ವಾಸನೆ ಮೊದಲು ಮನೆಗೆ ಬರುವುದು, ಸಾರಾಯಿಯ ವಾಸನೆ ಆಮೇಲೆ. ಅಕ್ಕ ಅಲ್ಲಿಯೂ ಬೀಡಿ ಕಟ್ಟಿದಳು. ಕಾಗದದಲ್ಲಿ ಅಷ್ಟು ಸಲ ಸ್ನೇಹಿತೆಯನ್ನು ಕರೆದಿದ್ದ ಗೊಮ್ಮಟನ ಗುಡ್ಡ ಅವಳ ಮನೆಯ ಹಿತ್ತಲಿನಿಂದ ಕಾಣುತ್ತಿತ್ತು. ಹತ್ತಿ ನೋಡಲು ಅವಳಿಗೆ ಒಂದು ದಿನವೂ ಬಿಡುವಾಗಲಿಲ್ಲ.

ನಾನು ಹೊಸ ಸ್ಕೀಮಿನಲ್ಲಿ ಬಿಟ್ಟ ಸ್ಥಳ ತುಂಬಿ ಪಾಸಾದೆ. ಅಕ್ಕನಿಗಿಂತ ನನಗೆ ಹೆಚ್ಚೇನೂ ಬರುತ್ತಿರಲಿಲ್ಲ. ಆದರೆ ನನ್ನ ಕಾಲದ ಪರೀಕ್ಷೆಗೆ ನನ್ನ ಕಾಲದ ಅಜ್ಞಾನ ಹೊಂದಿಕೊಂಡಿತ್ತು. ಕಾಲೇಜು ಓದಿ, ಬಿ.ಎಡ್. ಮಾಡಿ, ಎಲ್ಲೂರಿನ ಹತ್ತಿರದ ಒಂದು ಹೈಸ್ಕೂಲಿನಲ್ಲಿ ಇಂಗ್ಲಿಷ್ ಟೀಚರೇ ಆದೆ. ಪೆನ್ನು ಎತ್ತಿ ಹಿಡಿಯುವ ಸರದಿ ನನ್ನದಾಯಿತು. ಕೆಲವೇ ವರ್ಷ ಕಳೆದಿರಬೇಕು, ದೆಹಲಿಯಲ್ಲಿ ಮತ್ತೆ ಜ್ಞಾನೋದಯ. ಹೊಸ ನೀತಿ ಬಂತು. ಪೆನ್ನು ಎತ್ತುವುದು ದಂಡ, ಮಕ್ಕಳು ಮಾತಾಡಬೇಕು, ಪಾತ್ರ ಹಾಕಿ ಆಡಬೇಕು, ಬದುಕಿಗೆ ಬೇಕಾದ ಇಂಗ್ಲಿಷ್ ಕಲಿಯಬೇಕು. ನಮ್ಮನ್ನೆಲ್ಲ ಮಣಿಪಾಲದಲ್ಲಿ ಒಂದು ಸಭೆಯ ಹಾಲಿನೊಳಗೆ ತುಂಬಿ ತರಬೇತಿ ಕೊಟ್ಟರು.

ಹಾಲಿನಲ್ಲಿ ನಮ್ಮ ಹಳೇ ಮಾಸ್ಟ್ರೂ ಇದ್ದರು. ನಿವೃತ್ತಿ ಬಾಗಿಲಲ್ಲಿ ನಿಂತಿತ್ತು. ಹಿಂದಿನ ಸಾಲಿನಲ್ಲಿ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಯಾರಾದರೂ ಪ್ರಶ್ನೆ ಕೇಳಿಯಾರು ಎಂಬ ಹೆದರಿಕೆಯಲ್ಲಿ ಕೂತಿದ್ದರು. ನನ್ನನ್ನು ನೋಡಿ ನಮಸ್ಕಾರ ಮಾಡಿದರು. ನನಗೆ ಬೆತ್ತದಲ್ಲಿ ಹೊಡೆದ ಕೈಗಳು ಅವು.

ತರಬೇತಿ ಕೊಡಲು ಬೆಂಗಳೂರಿನಿಂದ ಬಂದವರು ಚುರುಕು ಮನುಷ್ಯ, ಒಳ್ಳೆಯ ಮಾತುಗಾರ. ಅವರು ಆಡಿದ್ದೆಲ್ಲ ಇಂಗ್ಲಿಷಿನಲ್ಲಿ, ನಾನು ಇಲ್ಲಿ ಕನ್ನಡದಲ್ಲಿ ಬರೆಯುತ್ತೇನೆ. ಹಾಲಿನಲ್ಲಿ ಕನ್ನಡ ಆಡಕೂಡದೆಂದು ಮೊದಲೇ ಹೇಳಿದ್ದರು. ಊಟವಾದ ಮೇಲೆ ಎಲ್ಲರೂ ತೂಕಡಿಸುತ್ತಿದ್ದಾಗ, ಒಂದು ತಮಾಷೆ ಹೇಳುತ್ತೇನೆ, ಬಾಯಿಪಾಠ ಎಂಥ ರೋಗ ಎಂದು ನಿಮಗೇ ಗೊತ್ತಾಗುತ್ತದೆ ಎಂದರು.

ಹಳೇ ಸ್ಕೀಮಿನ ಕಡೆಯ ಪರೀಕ್ಷೆ. ಪ್ರಶ್ನೆಪತ್ರಿಕೆ ಮಾಡಿದವರಲ್ಲಿ ಇವರೂ ಒಬ್ಬರು. ಹೋಗುವವರು ಬಾಯಿಪಾಠದಿಂದಲೇ ಪಾಸಾಗಿ ಹೋಗಬಾರದೆಂದು ಪ್ರಶ್ನೆಗಳನ್ನು ಸ್ವಲ್ಪ ತಿರುಗಿಸಿದರಂತೆ. 'ನಿನ್ನ ಸ್ನೇಹಿತೆಯ ತಂದೆ ತೀರಿಹೋಗಿದ್ದಾರೆ, ಅವಳಿಗೊಂದು ಕಾಗದ ಬರೆ' ಎಂದು ಇರುತ್ತಿದ್ದುದನ್ನು 'ಕಾಗದ ಬರೆ, ತಂದೆ ತೀರಿಹೋದ ನಿನ್ನ ಸ್ನೇಹಿತೆಗೆ' ಎಂದು ಮಾಡಿದರಂತೆ. ಆಮೇಲೆ ಪೇಪರು ತಿದ್ದುವಾಗ ಇವರ ಕೈಗೆ ಒಂದು ಉತ್ತರ ಬಂತು.

"ತಂದೆ ಸತ್ತವಳಿಗೆ ಈ ಮಹಾತಾಯಿ ಏನು ಬರೆದಿದ್ದಳು ಗೊತ್ತೇ? ಸುದ್ದಿ ಕೇಳಿ ನನಗೆ ಬಹಳ ಸಂತೋಷವಾಗಿದೆ!"

ಇಡೀ ಹಾಲು ನಕ್ಕಿತು.

"ಕೊಡೆ ತಾ, ಬುತ್ತಿ ತಾ, ಗುಡ್ಡ ಹತ್ತೋಣ!"

ಇನ್ನೂ ನಕ್ಕಿತು. ನನಗೆ ಅಕ್ಕನ ಪ್ರಶ್ನೆಪತ್ರಿಕೆ ನೆನಪಾಯಿತು. ಆದರೆ ಆ ಕಾಗದ ಮಾಸ್ಟ್ರ ಎಲ್ಲ ಮಕ್ಕಳದ್ದೂ ಆಗಿತ್ತು, ಯಾರೂ ಆಗಿರಬಹುದು ಎಂದುಕೊಂಡೆ. ಅವರು ನಗು ಇಳಿಯುವವರೆಗೆ ಕಾದರು. ಎಷ್ಟೋ ಊರುಗಳಲ್ಲಿ ಹೇಳಿ ಹದ ಮಾಡಿಕೊಂಡ ತಮಾಷೆ ಅದು.

"ಕೊನೆಯ ಸಾಲು ಕೇಳಿ. ಬ್ರಿಂಗ್ ಯುವರ್ ಫಾದರ್ ಆಲ್ಸೋ!"

ಮೇಜು ಕುಟ್ಟಿ ನಕ್ಕರು. ಕಣ್ಣೊರೆಸಿಕೊಂಡರು. ಪೇಪರು ತಿದ್ದುವ ಕೋಣೆಯಲ್ಲಿ ಮೇಜಿನಿಂದ ಮೇಜಿಗೆ ಆ ಹಾಳೆಯನ್ನು ದಾಟಿಸಿ ನಕ್ಕೆವು ಎಂದು ಅವರೇ ಹೇಳಿದರು. ಇಡೀ ಕಾಗದದಲ್ಲಿ ಒಂದೂ ತಪ್ಪಿರಲಿಲ್ಲ, ಆದರೂ ಸೊನ್ನೆ ಕೊಟ್ಟೆ ಎಂದರು. ಹಿಂದಿನ ಸಾಲಿನಲ್ಲಿ ಮಾಸ್ಟ್ರೂ ನಗುತ್ತಿದ್ದರು. ಅವರಿಗೆ ಒಂದು ಮಾತೂ ಹಿಡಿದಿರಲಿಲ್ಲ. ಎಲ್ಲರೂ ನಗುವಾಗ ನಗದಿದ್ದರೆ ಸಿಕ್ಕಿಬೀಳುತ್ತೇನೆಂದು ನಗುತ್ತಿದ್ದರು. ತಾವೇ ಬರೆದುಕೊಟ್ಟ ಕಾಗದ ಅದು.

ನಾನು ಎದ್ದು ನಿಂತೆ. ಬಾಯಿಂದ ಕನ್ನಡವೇ ಬಂತು.

"ಅದು ನನ್ನ ಅಕ್ಕ."

"ಇಂಗ್ಲಿಷ್ ಪ್ಲೀಸ್, ಮೇಡಂ."

"ಶಿ ಈಸ್ ಮೈ ಸಿಸ್ಟರ್," ಎಂದೆ.

ಅವರ ಮುಖ ಅರಳಿತು. ಬೆಳಗ್ಗಿನಿಂದ, ಯಾರಾದರೂ ಒಂದು ಪಾತ್ರ ಹಾಕಿ ಮಾತಾಡಿ ಎಂದು ಅವರು ಗೋಗರೆದಿದ್ದರು. ಯಾರೂ ಎದ್ದಿರಲಿಲ್ಲ. ಈಗ ಒಬ್ಬಳು ಎದ್ದಿದ್ದಾಳೆ, ಆ ದಡ್ಡಿಯ ತಂಗಿಯ ಪಾತ್ರ ಹಾಕಿದ್ದಾಳೆ ಎಂದುಕೊಂಡರು. ಭೇಷ್ ಎಂದರು. ಎಲ್ಲರೂ ಮೇಡಮ್ಮಿಗೆ ಅವರ ಅಕ್ಕನ ಬಗ್ಗೆ ಒಂದೊಂದು ಪ್ರಶ್ನೆ ಕೇಳಿ ಎಂದರು.

ಕೇಳಿದರು. ನಿಮ್ಮ ಅಕ್ಕ ಎಲ್ಲಿದ್ದಾರೆ? ಕಾರ್ಕಳದಲ್ಲಿ. ಪೂರ್ತಿ ವಾಕ್ಯ, ಮೇಡಂ. ನನ್ನ ಅಕ್ಕ ಕಾರ್ಕಳದಲ್ಲಿ ವಾಸಿಸುತ್ತಾಳೆ. ಏನು ಮಾಡುತ್ತಾರೆ? ನನ್ನ ಅಕ್ಕ ಬೀಡಿ ಕಟ್ಟುತ್ತಾಳೆ. ನಗು. ಅವರಿಗೆ ಪಿಕ್ನಿಕ್ ಇಷ್ಟವೇ? ದೊಡ್ಡ ನಗು. ಅವರು ಫೇಲಾದಾಗ ನಿಮ್ಮ ತಂದೆ ಏನು ಹೇಳಿದರು?

"ಮೈ ಫಾದರ್ ವಾಸ್ ಡೆಡ್."

ತರಬೇತಿಯವರು ಚಪ್ಪಾಳೆ ತಟ್ಟಿದರು. ಬದುಕಿಗೆ ಬೇಕಾದ ಇಂಗ್ಲಿಷ್ ಎಂದರೆ ಇದೇ, ಈಗ ಮೇಡಮ್ಮಿಗೆ ನಾವು ಏನು ಹೇಳಬೇಕು, ಎಲ್ಲರೂ ಒಟ್ಟಿಗೆ ಎಂದರು. ನಿಮ್ಮ ತಂದೆ ತೀರಿಹೋದ ಸುದ್ದಿ ಕೇಳಿ ನಮಗೆ ಬಹಳ ದುಃಖವಾಗಿದೆ ಎಂದು ಹಾಲು ಇಂಗ್ಲಿಷಿನಲ್ಲಿ ಒಕ್ಕೊರಲಿನಿಂದ ಹೇಳಿತು. ಮಾಸ್ಟ್ರ ಧ್ವನಿಯೂ ಅದರಲ್ಲಿತ್ತು. ಥ್ಯಾಂಕ್ಯೂ ಎಂದು ಕೂತೆ. ಇದು ನಾಟಕವಲ್ಲ, ನಿಜ ಎಂದು ಹೇಳುವ ಇಂಗ್ಲಿಷ್ ನನಗೆ ಬರುತ್ತಿತ್ತು. ಹೇಳಿದರೆ ಅದನ್ನೂ ಒಂದು ವಾಕ್ಯವೆಂದು ತಿದ್ದಿಯಾರೆಂದು ಹೇಸಿಗೆಯಾಗಿ ಸುಮ್ಮನಾದೆ.

ಸಂಜೆ ನೆಟ್ಟಗೆ ಕಾರ್ಕಳದ ಬಸ್ಸು ಹತ್ತಿದೆ. ಅಕ್ಕ ಜಗಲಿಯಲ್ಲಿ ಬೀಡಿ ಕಟ್ಟುತ್ತಿದ್ದಳು. ಎದುರು ಅವಳ ಮಗಳು ಕೈಕಟ್ಟಿ ನಿಂತಿತ್ತು. ಬರುವ ವರ್ಷ ಐದನೆಯ ಕ್ಲಾಸು, ಇಂಗ್ಲಿಷ್ ಶುರು. ಮಗು ಒಂದೇ ಉಸಿರಿನಲ್ಲಿ ಪಿಕ್ನಿಕ್ಕಿನ ಕಾಗದ ಹೇಳುತ್ತಿತ್ತು, ಕೊನೆಯ ಸಾಲಿನ ಸಮೇತ. ಎಲ್ಲೋ ಒಂದು ಕಡೆ ತಡವರಿಸಿತು. ಅಕ್ಕ ತಡ್ಪೆಯಿಂದ ಕೈ ತೆಗೆದು ಅದರ ತೊಡೆ ಚಿವುಟಿದಳು.

"ಅಕ್ಕ, ಬಿಡು ಅದನ್ನು," ಎಂದೆ. ತಡೆಯಲಾಗದೆ ಎಲ್ಲ ಹೇಳಿಬಿಟ್ಟೆ. ಪ್ರಶ್ನೆ ತಿರುಗಿಸಿದ್ದು, ಅದು ಸಾವಿನ ಕಾಗದದ ಪ್ರಶ್ನೆಯಾಗಿದ್ದದ್ದು, ಸೊನ್ನೆ. ನಕ್ಕದ್ದನ್ನು ಮಾತ್ರ ಹೇಳಲಿಲ್ಲ.

ಅವಳ ಕೈ ನಿಂತಿತು. ನಾನು ಅಳುವನ್ನು ಕಾದೆ, ಬೈಗುಳವನ್ನು ಕಾದೆ. ನರ್ಸಿಂಗ್, ಮಣಿಪಾಲ, ಮಾವ, ಮಾಸ್ಟ್ರು, ಸರಕಾರ, ಯಾರನ್ನಾದರೂ ಶಪಿಸುತ್ತಾಳೆ ಎಂದುಕೊಂಡೆ.

"ಅಪ್ಪ ಸತ್ತ ಹುಡುಗಿಗೆ, ಅಪ್ಪನನ್ನು ಕರಕೊಂಡು ಬಾ ಅಂತ ಬರೆದೆನಾ ನಾನು?"

"ಹುಡುಗಿ ಅಂತ ಯಾರೂ ಇಲ್ಲ ಅಕ್ಕ. ಅದು ಬರೀ ಪ್ರಶ್ನೆ."

"ಎಷ್ಟು ಬೇಜಾರಾಗಿರಬೇಕು ಅದಕ್ಕೆ," ಎಂದಳು. ನನ್ನ ಮಾತು ಅವಳಿಗೆ ಕೇಳಿಸಿರಲಿಲ್ಲ.

ಆಮೇಲೆ ಒಂದು ಎಲೆ ತೆಗೆದು ಸುತ್ತತೊಡಗಿದಳು. ಮಗಳನ್ನು ಹತ್ತಿರ ಕರೆದಳು. ಅದು ಬೇಡ, ಇನ್ನೊಂದು ಉಂಟು, ಅದನ್ನು ಕಲಿ ಎಂದಳು. ಅಷ್ಟು ವರ್ಷ ಬಾಯಿಬಿಟ್ಟು ಹೇಳದಿದ್ದ ಆ ಎರಡನೆಯ ಕಾಗದವನ್ನು ಒಂದು ಶಬ್ದ ತಪ್ಪದೆ ಹೇಳಿಕೊಡತೊಡಗಿದಳು. ಮಗು ಎರಡು ಸಾಲು ಹೇಳಿ ನಿಂತಿತು. ಶಾಲೆಯಲ್ಲಿ ಈಗ ಅರ್ಥ ಕೇಳಬೇಕೆಂದು ಕಲಿಸುತ್ತಿದ್ದರು.

"ಇದು ಎಂತದಮ್ಮ?"

"ಅಪ್ಪ ಸತ್ತಾಗ ಬರೆಯುವುದು."

"ಯಾರ ಅಪ್ಪ ಸತ್ತದ್ದು?"

ಅಕ್ಕನ ಕೈ ಮತ್ತೆ ಅದರ ತೊಡೆಯ ಕಡೆಗೆ ಹೋಯಿತು.

"ಅದೆಲ್ಲ ಕೇಳಬಾರದು. ನೀನು ಹೇಳು."